ತೊಗಲು, ಎಲುಬು, ಅಂಗಾಂಶ: ಮೂರು ಮಾತುಗಳ ಇತಿಹಾಸ



ಪ್ರಾತಃಕಾಲದಲ್ಲಿ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ಪೂಜೆಗೆ ಕುಳಿತಾಗ ತಮ್ಮ ದೃಷ್ಟಿಯೆಲ್ಲ ಲಿಂಗದಲ್ಲಿ ನೆಟ್ಟಿರುತ್ತದೆ. ಅದು ಯೋಗ್ಯವೇ ಸರಿ. ಆದರೆ ಪೂಜೆ ಮುಗಿದ ಮೇಲೆ ಒಂದು ಗಳಿಗೆ ಆ ಅಂಗೈಯನ್ನೇ ನೋಡಿಕೊಳ್ಳಿರಿ. ಶರಣರು ಅದನ್ನು ಕರಸ್ಥಲವೆಂದರು, ಲಿಂಗಕ್ಕೆ ಪೀಠವೆಂದು ಗೌರವಿಸಿದರು. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಆ ಪೀಠದಲ್ಲಿ 27 ಎಲುಬುಗಳಿವೆ: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಅವುಗಳ ಮೇಲಿನ ತೊಗಲು ಮೈಯ ಉಳಿದ ಕಡೆಯ ತೊಗಲಿನಂತಲ್ಲ. ಅಲ್ಲಿ ರೋಮವಿಲ್ಲ, ಜಿಡ್ಡಿನ ಗ್ರಂಥಿಗಳಿಲ್ಲ. ಬೆವರಿನ ಗ್ರಂಥಿಗಳು ಮಾತ್ರ ದಟ್ಟವಾಗಿವೆ. ಇನ್ನು ಆ ತೊಗಲು, ಆ ಎಲುಬು, ಅವೆರಡರ ನಡುವಣ ಮಾಂಸ, ಇವೆಲ್ಲ ಯಾವ ವಸ್ತುಗಳಿಂದ ಆಗಿವೆಯೋ ಅವನ್ನು ಇಂದಿನ ಪಠ್ಯಪುಸ್ತಕಗಳು 'ಅಂಗಾಂಶ'ಗಳೆಂದು ಕರೆಯುತ್ತವೆ.

ತೊಗಲು, ಎಲುಬು ಎಂಬ ಎರಡು ಮಾತುಗಳನ್ನು ನಮಗೆ ಯಾವ ಶಾಲೆಯೂ ಕಲಿಸಲಿಲ್ಲ. ಜ್ವರದಿಂದೆದ್ದ ಮೊಮ್ಮಗನ ಬೆನ್ನು ಸವರುತ್ತ 'ಬರೀ ಎಲುಬು ತೊಗಲು ಉಳದಾವಲ್ಲೋ ಕೂಸೇ' ಎಂದು ಅಜ್ಜಿ ಮರುಗಿದ ದಿನವೇ ಅವು ನಮ್ಮವಾದವು. ಅಂಗಾಂಶವೆಂಬ ಮಾತಾದರೋ ಪ್ರೌಢಶಾಲೆಯ ಜೀವಶಾಸ್ತ್ರದ ಪುಟದಿಂದ ಬಂದುದು. ಆ ಅಜ್ಜಿ ಅದನ್ನು ಕೇಳಿದವಳಲ್ಲ. ಮನೆಯ ಮಾತಿಗೂ ಪುಸ್ತಕದ ಮಾತಿಗೂ ನಡುವೆ ಇಷ್ಟು ದೂರ ಹೇಗೆ ಬಿದ್ದಿತು? ಇದನ್ನು ವಿಚಾರಿಸುತ್ತ ಹೋದರೆ ಬರಿಯ ಪದಗಳ ಚರ್ಚೆಯಲ್ಲಿ ನಿಲ್ಲಲಾಗುವುದಿಲ್ಲ. ಮನುಷ್ಯನ ದೇಹವನ್ನು ಓದಿದ ಬಾಯಿ ಯಾವುದು, ಮುಟ್ಟಿದ ಕೈ ಯಾವುದು, ಅವೆರಡೂ ಯಾವಾಗ ಅಗಲಿದವು ಎಂಬ ಪ್ರಶ್ನೆಗೆ ಬಂದು ಮುಟ್ಟುತ್ತೇವೆ.

ಮೊದಲು ಮನೆಯ ಮಾತುಗಳನ್ನೇ ನೋಡೋಣ. ತೊಗಲಿಗೆ ಹಳಗನ್ನಡದಲ್ಲಿ ತೊವಲ್ ಎಂಬ ರೂಪವುಂಟು; ತಮಿಳಿನ ತೋಲ್, ತೆಲುಗಿನ ತೋಲು ಇದರ ಒಡಹುಟ್ಟುಗಳು. ಮರದ ತೊಗಟೆಯೂ ಕಿವಿಗೆ ಬಂಧುವಿನಂತೆಯೇ ಕೇಳಿಸುತ್ತದೆ. ಎಲುಬಿಗೆ ತಮಿಳಿನಲ್ಲಿ ಎಲುಂಬು, ತುಳುವಿನಲ್ಲಿ ಎಲು. ಉತ್ತರದ ನಾವು ಎಲುಬು ಎನ್ನುವಲ್ಲಿ ಮೈಸೂರು ಕಡೆಯವರು ಮೂಳೆ ಎನ್ನುತ್ತಾರೆ. ಈ ಮೂಳೆಯ ಕಥೆ ಸ್ವಾರಸ್ಯವಾದುದು. ತಮಿಳಿನಲ್ಲಿ ಮೂಳೈ ಎಂದರೆ ಮಿದುಳು, ಎಲುಬಿನೊಳಗಣ ಮಜ್ಜೆ. ಒಂದೇ ಮಾತು ಅಲ್ಲಿ ಒಳಗಿನ ಮೆತ್ತನೆಯ ವಸ್ತುವಿಗೆ ನಿಂತಿತು, ಇಲ್ಲಿ ಹೊರಗಿನ ಗಟ್ಟಿಯಾದುದಕ್ಕೆ ನಿಂತಿತು. ಚೆನ್ನೈಯಲ್ಲಿ ಓದಲು ಹೋದ ನಮ್ಮ ಹುಡುಗನೊಬ್ಬ 'ನನಗೆ ಮೂಳೆ ನೋವು' ಎಂದರೆ ಅಲ್ಲಿಯವರು ಗಾಬರಿಗೊಂಡಾರು!

ಸಂಸ್ಕೃತದಿಂದ ಬಂದ ಚರ್ಮ, ತ್ವಚೆ, ಅಸ್ಥಿಗಳಿಗೆ ನಾವು ಬೇರೆಯ ಆಸನ ಹಾಕಿದ್ದೇವೆ. ವೈದ್ಯರ ಫಲಕದ ಮೇಲೆ ಚರ್ಮರೋಗವೆಂದು ಇರುತ್ತದೆಯೇ ಹೊರತು ತೊಗಲುರೋಗವೆಂದು ಯಾರೂ ಬರೆಸುವುದಿಲ್ಲ. ತೊಗಲು ಎಂದೊಡನೆ ಗೊಂಬೆಯಾಟವೋ ಚಪ್ಪಲಿಯೋ ನೆನಪಾಗುತ್ತದೆ. ಅಸ್ಥಿಯೆಂಬುದು ಜನರ ಬಾಯಲ್ಲಿ ಚಿತೆಯ ಬೂದಿಯೊಳಗಿಂದ ಆಯ್ದು ಹೊಳೆಗೆ ಬಿಡುವ ವಸ್ತುವಾಗಿ ಉಳಿದಿದೆ; ಮಣ್ಣಿಗಿಡುವ ಸಂಪ್ರದಾಯದ ನಮಗೆ ಆ ಪ್ರಯೋಗವೂ ಅಷ್ಟಾಗಿ ಬೇಕಾಗಲಿಲ್ಲ. ಹೀಗೆ ಒಂದೇ ವಸ್ತುವಿಗೆ ಎರಡು ಹೆಸರು, ಎರಡು ಮರ್ಯಾದೆ. ಆದರೆ ಚಮ್ಮಾರ ಎಂಬ ಮಾತು ಹುಟ್ಟಿರುವುದು ಚರ್ಮಕಾರ ಎಂಬುದರಿಂದಲೇ. ವೈದ್ಯನ ಫಲಕದ ಮೇಲಣ ಚರ್ಮವೂ ಚಮ್ಮಾರನ ಹೆಸರಿನೊಳಗಣ ಚರ್ಮವೂ ಒಂದೇ ಎಂಬುದನ್ನು ನಾವು ಮರೆತಿದ್ದೇವೆ. ಈ ಮರೆವಿನ ಬೇರು ಆಳವಾಗಿದೆ.

ಸುಶ್ರುತಸಂಹಿತೆಯ ಹೆಸರು ಕೇಳದವರಿಲ್ಲ. ಅದರ ಶಾರೀರಸ್ಥಾನದಲ್ಲಿ, ಶಸ್ತ್ರವೈದ್ಯನಾಗಬಯಸುವವನು ಶವವನ್ನು ಸ್ವತಃ ಪರೀಕ್ಷಿಸಿ ನೋಡಿ ಅರಿಯಬೇಕು, ಕಣ್ಣಿನಿಂದ ಕಂಡುದನ್ನೂ ಶಾಸ್ತ್ರದಲ್ಲಿ ಓದಿದುದನ್ನೂ ಕೂಡಿಸಿದರೆ ಮಾತ್ರ ಜ್ಞಾನ ಬೆಳೆಯುತ್ತದೆ ಎಂದು ಸ್ಪಷ್ಟವಾಗಿ ವಿಧಿಸಿದೆ. ವಿಧಾನವನ್ನೂ ಹೇಳಿದೆ. ಅಂಗಾಂಗಗಳೆಲ್ಲ ಸರಿಯಾಗಿರುವ, ವಿಷದಿಂದ ಸಾಯದ, ದೀರ್ಘರೋಗದಿಂದ ಬಳಲದ, ನೂರು ವರ್ಷದ ಮುದುಕನಲ್ಲದ ಒಬ್ಬನ ದೇಹವನ್ನು ತೆಗೆದುಕೊಳ್ಳಬೇಕು. ಕರುಳಿನ ಮಲವನ್ನು ತೆಗೆದು, ದರ್ಭೆ, ನಾರು, ಸೆಣಬು ಮೊದಲಾದವುಗಳಿಂದ ಸುತ್ತಿ, ಪಂಜರದೊಳಗಿಟ್ಟು, ಮರೆಯಾದ ಸ್ಥಳದಲ್ಲಿ ಹರಿಯುವ ನೀರಿನಲ್ಲಿ ಇಳಿಬಿಡಬೇಕು. ಏಳು ರಾತ್ರಿ ಕಳೆದ ಮೇಲೆ ಹೊರತೆಗೆದು, ಲಾವಂಚದ ಬೇರು, ಕೂದಲು, ಬಿದಿರು ಇವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ತೊಗಲಿನಿಂದ ಆರಂಭಿಸಿ ಒಳಹೊರಗಿನ ಪ್ರತಿಯೊಂದು ಅಂಗವನ್ನೂ ಕಣ್ಣಾರೆ ನೋಡಬೇಕು. ಅಂದರೆ ಕತ್ತಿಯ ಕೆಲಸವನ್ನು ನೀರಿಗೆ ಒಪ್ಪಿಸಿದ್ದರು. ಏಳು ದಿನ ನೀರಿನಲ್ಲಿದ್ದ ದೇಹದಲ್ಲಿ ಮೆತ್ತನೆಯ ಭಾಗಗಳು ಕರಗಿಹೋಗುತ್ತವೆ, ಗಟ್ಟಿಯಾದವು ಉಳಿಯುತ್ತವೆ. ಸುಶ್ರುತನ ಎಲುಬುಗಳ ವರ್ಣನೆ ಮಿದುಳು ಹೃದಯಗಳ ವರ್ಣನೆಗಿಂತ ವಿವರವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಆ ಕುಂಚದ ಕೆಳಗೆ ತೊಗಲು ಏಳು ಪದರಗಳಾಗಿ ಕಂಡಿತು: ಅವಭಾಸಿನೀ, ಲೋಹಿತಾ, ಶ್ವೇತಾ, ತಾಮ್ರಾ, ವೇದಿನೀ, ರೋಹಿಣೀ, ಮಾಂಸಧರಾ. ಕಾಯುವ ಹಾಲಿನ ಮೇಲೆ ಕೆನೆ ಕಟ್ಟುವಂತೆ ಗರ್ಭದಲ್ಲಿ ಇವು ಒಂದೊಂದಾಗಿ ಕಟ್ಟಿಕೊಳ್ಳುತ್ತವೆ ಎಂಬ ಹೋಲಿಕೆ ಅಲ್ಲಿದೆ. ಅಳತೆಯನ್ನು ಭತ್ತದ ಕಾಳಿನಿಂದ ಕೊಟ್ಟಿದ್ದಾರೆ. ಎಲ್ಲಕ್ಕೂ ಮೇಲಣ ಅವಭಾಸಿನೀ ಒಂದು ಭತ್ತದ ಕಾಳಿನ ಹದಿನೆಂಟನೆಯ ಒಂದು ಪಾಲು. ಎಲ್ಲಕ್ಕೂ ಕೆಳಗಣ ಮಾಂಸಧರಾ ಎರಡು ಕಾಳಿನಷ್ಟು ದಪ್ಪ. ಇದು ಮಾಂಸಲವಾದ ಭಾಗಗಳ ಲೆಕ್ಕ, ಹಣೆ ಮತ್ತು ಸಣ್ಣ ಬೆರಳುಗಳಿಗೆ ಅನ್ವಯಿಸದು ಎಂಬ ಎಚ್ಚರಿಕೆಯೂ ಉಂಟು. ಕಣ್ಣಿಂದ ನೋಡದವನಿಗೆ ಈ ಎಚ್ಚರಿಕೆ ಹೊಳೆಯುವಂಥದಲ್ಲ. ಚರಕಸಂಹಿತೆ ಆರೇ ಪದರಗಳನ್ನು ಹೇಳುತ್ತದೆ. ಇಂದಿನ ಶಾಸ್ತ್ರ ಮುಖ್ಯವಾಗಿ ಎರಡು ಪದರಗಳನ್ನು ಗುರುತಿಸುತ್ತದೆ: ಹೊರಚರ್ಮ, ಒಳಚರ್ಮ, ಅದರ ಕೆಳಗೆ ಕೊಬ್ಬಿನ ಹಾಸು. ಹೊರಚರ್ಮದಲ್ಲಿಯೇ ಸೂಕ್ಷ್ಮದರ್ಶಕಕ್ಕೆ ನಾಲ್ಕು ಸ್ತರಗಳು ಕಾಣುತ್ತವೆ. ಅಂಗೈ ಅಂಗಾಲುಗಳಲ್ಲಿ ಐದು. ಮೈಬಣ್ಣ ಕೊಡುವ ಕಣಗಳು ಇದರ ತಳದ ಸ್ತರದಲ್ಲಿವೆ. ಕರಿಯನಲ್ಲಾಗಲಿ ಬಿಳಿಯನಲ್ಲಾಗಲಿ ಆ ಕಣಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಅವು ತಯಾರಿಸುವ ವರ್ಣದ್ರವ್ಯದ ಪ್ರಮಾಣ ಮಾತ್ರ ಬೇರೆ. ಬಣ್ಣವನ್ನು ಹಿಡಿದು ಮನುಷ್ಯರನ್ನು ಬೇರ್ಪಡಿಸಿದ ಮಹಾವ್ಯವಹಾರವೆಲ್ಲ ಭತ್ತದ ಕಾಳಿನ ಒಂದು ಪಾಲಿನಷ್ಟು ತೆಳುವಾದ ಹೊದಿಕೆಯಲ್ಲಿ ನಡೆದುದು.

ಎಲುಬುಗಳ ಲೆಕ್ಕದಲ್ಲಿ ಇನ್ನೂ ದೊಡ್ಡ ಚರ್ಚೆಯಿದೆ. ವೇದವಾದಿಗಳು 360 ಎನ್ನುತ್ತಾರೆ, ಶಲ್ಯತಂತ್ರದಲ್ಲಿ 300 ಮಾತ್ರ ಎಂದು ಸುಶ್ರುತಸಂಹಿತೆ ಹೇಳುತ್ತದೆ: ಕೈಕಾಲುಗಳಲ್ಲಿ 120, ನಡುಮೈಯಲ್ಲಿ 117, ಕೊರಳಿನಿಂದ ಮೇಲೆ 63. ಇಂದಿನ ಲೆಕ್ಕದಲ್ಲಿ ಬೆಳೆದ ಮನುಷ್ಯನಿಗೆ ಎಲುಬುಗಳು 206. ಇದನ್ನು ನೋಡಿ ಕೆಲವರು ಪ್ರಾಚೀನರು ತಪ್ಪಿದರೆಂದು ನಗುತ್ತಾರೆ. ಇನ್ನು ಕೆಲವರು, ಹುಟ್ಟಿದ ಮಗುವಿನಲ್ಲಿ ಸುಮಾರು ಮುನ್ನೂರು ಎಲುಬಿನ ತುಂಡುಗಳಿರುತ್ತವೆ, ಋಷಿಗಳು ಅದನ್ನೇ ಹೇಳಿದ್ದಾರೆ ಎಂದು ಸಮರ್ಥಿಸುತ್ತಾರೆ. ಎರಡೂ ಅವಸರದ ಮಾತುಗಳು. ಸುಶ್ರುತನು ಎಲುಬುಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ: ಕಪಾಲ, ರುಚಕ, ತರುಣ, ವಲಯ, ನಲಕ. ಇವುಗಳಲ್ಲಿ ರುಚಕವೆಂದರೆ ಹಲ್ಲು. ತರುಣವೆಂದರೆ ಮೂಗು ಕಿವಿಗಳಲ್ಲಿರುವ ಬಾಗುವ ಎಲುಬು, ಅರ್ಥಾತ್ ನಾವೀಗ ಮೃದ್ವಸ್ಥಿ ಎನ್ನುವುದು. ಚರಕನ 360ರಲ್ಲಂತೂ 32 ಹಲ್ಲುಗಳು, ಅವು ಕುಳಿತ 32 ಗುಳಿಗಳು, 20 ಉಗುರುಗಳೂ ಸೇರಿವೆ. ಆದುದರಿಂದ ಎಣಿಕೆಗಿಂತ ಮುಂಚೆ, ಯಾವುದಕ್ಕೆ ಎಲುಬು ಎನ್ನಬೇಕು ಎಂಬಲ್ಲಿಯೇ ವ್ಯತ್ಯಾಸವಿದೆ. ಆಗ್ರಾ ಸಮೀಪದ ಸಿಕಂದರಾದಲ್ಲಿ 1841ರಲ್ಲಿ ಹುಟ್ಟಿದ ಜರ್ಮನ್ ಮಿಶನರಿಯ ಮಗ ರುಡಾಲ್ಫ್ ಹರ್ನ್ಲೆ ಎಂಬ ವಿದ್ವಾಂಸರು ಈ ಪಟ್ಟಿಗಳನ್ನು ಒಂದೊಂದು ಎಲುಬಿನಂತೆ ಹಿಡಿದು ಇಂದಿನ ಶರೀರಶಾಸ್ತ್ರದೊಡನೆ ತಾಳೆನೋಡಿ, 1907ರಲ್ಲಿ ಆಕ್ಸ್‌ಫರ್ಡಿನಿಂದ ಒಂದು ಗ್ರಂಥವನ್ನೇ ಪ್ರಕಟಿಸಿದರು. ತೆಗಳುವವರೂ ಹೊಗಳುವವರೂ ಅಷ್ಟು ಶ್ರಮ ತೆಗೆದುಕೊಂಡುದು ಕಡಿಮೆ.

ಹೊಗಳಿಕೆಗೆ ಮಿತಿ ಬೇಕೆನ್ನುವುದಕ್ಕೆ ಇನ್ನೊಂದು ಉದಾಹರಣೆ. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳಲ್ಲಿ ಒಂದರಿಂದ ಮುಂದಿನದು ಹುಟ್ಟುತ್ತದೆಂದು ಆಯುರ್ವೇದ ಹೇಳುತ್ತದೆ. ಅಲ್ಲಿ ರಕ್ತ ಮೊದಲು, ಎಲುಬು ಮಜ್ಜೆಗಳು ಆಮೇಲೆ. ಎಲುಬಿನೊಳಗಣ ಮಜ್ಜೆಯೇ ರಕ್ತದ ಕಣಗಳ ತವರೆಂದು 1868ರಲ್ಲಿ ಅರ್ನ್‌ಸ್ಟ್ ನಾಯ್ಮನ್ ಎಂಬ ಜರ್ಮನ್ ವೈದ್ಯರು ತೋರಿಸಿಕೊಟ್ಟರು. ಕ್ರಮ ತಲೆಕೆಳಗಾಯಿತು. ಇದರಿಂದ ಪ್ರಾಚೀನರ ಗೌರವಕ್ಕೇನೂ ಕುಂದಿಲ್ಲ. ಸೂಕ್ಷ್ಮದರ್ಶಕವಿಲ್ಲದೆ ಇದನ್ನು ಯಾರೂ ಕಾಣುವಂತಿರಲಿಲ್ಲ.

ಕುಂದು ಬಂದುದು ಬೇರೆ ಕಡೆಯಿಂದ. ನೋಡಿ ಅರಿಯಬೇಕೆಂದ ಆ ವಿಧಿ ಗ್ರಂಥದಲ್ಲಿ ಉಳಿಯಿತು, ಕೈಯಲ್ಲಿ ಉಳಿಯಲಿಲ್ಲ. ಏಕೆ ಎಂಬುದಕ್ಕೆ ಮನುಸ್ಮೃತಿಯನ್ನು ತೆರೆದು ನೋಡಬಹುದು. ಮನುಷ್ಯನ ಎಲುಬನ್ನು ಮುಟ್ಟಿದವನಿಗೆ ಅಲ್ಲಿ ಶುದ್ಧಿ ವಿಧಿಸಿದೆ. ಅಷ್ಟೇ ಆಗಿದ್ದರೆ ಸ್ನಾನದಿಂದ ತೀರುತ್ತಿತ್ತು. ಯಾರ ಮನೆಯ ಅನ್ನವನ್ನು ಉಣ್ಣಬಾರದು ಎಂದು ನಾಲ್ಕನೆಯ ಅಧ್ಯಾಯದಲ್ಲಿ ಉದ್ದವಾದ ಒಂದು ಪಟ್ಟಿಯಿದೆ. ಆ ಪಟ್ಟಿಯಲ್ಲಿ ತೊಗಲು ಕೊಯ್ಯುವವನಿದ್ದಾನೆ; ವೈದ್ಯನೂ ಇದ್ದಾನೆ. ವೈದ್ಯನ ಅನ್ನವನ್ನು ಕೀವಿಗೆ ಸಮಾನವೆಂದು ಹೇಳಿದೆ. ಚಪ್ಪಲಿ ಮಾಡುವವನನ್ನೂ ಹುಣ್ಣು ತೊಳೆಯುವವನನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಪಂಕ್ತಿಯಿಂದೆಬ್ಬಿಸಿದ ಸಮಾಜದಲ್ಲಿ, ಗೌರವ ಬಯಸುವ ವೈದ್ಯನು ಏನು ಮಾಡಿಯಾನು? ಶವದಿಂದ ದೂರ ಸರಿದ, ಶಸ್ತ್ರವನ್ನು ಕೆಳಗಿಟ್ಟ, ನಾಡಿ ಹಿಡಿದು ಶ್ಲೋಕ ಹೇಳುವ ಪಂಡಿತನಾದ. ಕನ್ನಡದಲ್ಲಿ 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಕೀರ್ತಿವರ್ಮನ ಗೋವೈದ್ಯ, ಮುಂದೆ ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ಮಾನ್ಯ ಕೃತಿಗಳು ಹುಟ್ಟಿದವು. ಅವುಗಳ ಬಲವೆಲ್ಲ ಔಷಧಗಳಲ್ಲಿ, ವಿಷಚಿಕಿತ್ಸೆಯಲ್ಲಿ.

ಹಾಗಾದರೆ ತೊಗಲಿನ ಅರಿವು ಎಲ್ಲಿ ಉಳಿಯಿತು? ಊರ ಹೊರಗೆ ಉಳಿಯಿತು. ಹಸಿಯ ತೊಗಲನ್ನು ಹದ ಮಾಡುವ ಕೆಲಸವನ್ನು ನೋಡಿದವರು ಬಲ್ಲರು. ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಾರೆ. ಅದರಿಂದ ಮೇಲಿನ ತೆಳುವಾದ ಪದರ ಸಡಿಲಗೊಂಡು ಕೂದಲಿನೊಡನೆ ಕಿತ್ತುಬರುತ್ತದೆ, ಅದೇ ಹೊರಚರ್ಮ. ಬಳಿಕ ಮಗ್ಗುಲು ತಿರುವಿ ಒಳಭಾಗಕ್ಕೆ ಅಂಟಿದ ಮಾಂಸ ಕೊಬ್ಬುಗಳನ್ನು ಹೆರೆದು ತೆಗೆಯುತ್ತಾರೆ. ಅದು ಚರ್ಮದಡಿಯ ಹಾಸು. ನಡುವೆ ಉಳಿದುದು ಒಳಚರ್ಮ. ತಂಗಡಿ ತೊಗಟೆಯ, ಅಳಲೆಕಾಯಿಯ ಕಷಾಯದಲ್ಲಿ ಅದು ಹದಗೊಂಡು ಕೊಳೆಯದ ಚಕ್ಕಳವಾಗುತ್ತದೆ. ಇಂದು ವೈದ್ಯವಿದ್ಯಾರ್ಥಿಯು ಮೊದಲ ವರ್ಷದಲ್ಲಿ ಓದುವ ಮೂರು ವಿಭಾಗಗಳನ್ನು ಹದಗಾರನು ದಿನವೂ ತನ್ನ ಕೈಯಿಂದ ಬೇರ್ಪಡಿಸುತ್ತಿದ್ದ. ಎಲ್ಲಿ ತೊಗಲು ದಪ್ಪ, ಎಲ್ಲಿ ತೆಳು, ಯಾವ ಕಡೆಗೆ ಹಿಗ್ಗುತ್ತದೆ, ಯಾವ ಕಡೆಗೆ ಹರಿಯುತ್ತದೆ ಎಂಬುದೆಲ್ಲ ಅವನಿಗೆ ಕರತಲಾಮಲಕ. ಅವನಲ್ಲಿ ವಸ್ತುವಿತ್ತು, ಗ್ರಂಥವಿರಲಿಲ್ಲ. ಪಂಡಿತನಲ್ಲಿ ಗ್ರಂಥವಿತ್ತು, ವಸ್ತುವಿರಲಿಲ್ಲ. ಇಬ್ಬರೂ ಒಂದೆಡೆ ಕುಳಿತು ಮಾತನಾಡುವಂತಿರಲಿಲ್ಲ.

ಕಲ್ಯಾಣದಲ್ಲಿ ಕೆಲಕಾಲ ಕುಳಿತರು ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಈ ದೃಷ್ಟಿಯಿಂದ ಆ ಸಭೆಯನ್ನು ಮತ್ತೊಮ್ಮೆ ನೋಡಿರಿ. ತೊಗಲು ಹದ ಮಾಡುವ ಡೋಹರ ಕಕ್ಕಯ್ಯನವರು ಅಲ್ಲಿದ್ದರು. ಕೆರ ಹೊಲಿಯುವ ಹರಳಯ್ಯನವರಿದ್ದರು. ವೈದ್ಯ ಸಂಗಣ್ಣನವರೂ ಶರಣಸಮೂಹದಲ್ಲಿ ಸೇರಿದವರು. ರೋಗ, ಔಷಧ, ಪಥ್ಯಗಳ ಭಾಷೆಯಲ್ಲಿಯೇ ಅವರು ವಚನಗಳನ್ನು ನುಡಿದರು. ಸ್ಮೃತಿಯ ಪಟ್ಟಿಯಲ್ಲಿ ಜೊತೆಯಾಗಿ ಹೊರಹಾಕಲ್ಪಟ್ಟವರು ಶರಣರ ಪಂಕ್ತಿಯಲ್ಲಿ ಜೊತೆಯಾಗಿ ಒಳಬಂದರು. ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ತೊಗಲನ್ನೇ ತೆಗೆದು ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂದೂ, ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಪರಂಪರೆ ಹೇಳುತ್ತದೆ. ಇತಿಹಾಸಕಾರನು ಇದನ್ನು ಶಾಸನದಂತೆ ಓದಲಾರ. ಆದರೆ ಶತಮಾನಗಳ ಕಾಲ ಈ ಕಥೆಯನ್ನು ಹೇಳುತ್ತ ಬಂದ ಜನ, ಅತ್ಯಂತ ಹೀನವೆಂದು ಎಣಿಸಲ್ಪಟ್ಟ ವಸ್ತುವನ್ನೇ ಅತ್ಯಂತ ದೊಡ್ಡ ಕಾಣಿಕೆಯಾಗಿ ಆರಿಸಿಕೊಂಡರಲ್ಲವೇ? ಕಲ್ಯಾಣದ ಆ ಕೂಟ ಒಡೆದುಹೋಯಿತು. ಅದು ಉಳಿದಿದ್ದರೆ ಕನ್ನಡದಲ್ಲಿ ಎಂಥ ಶರೀರಶಾಸ್ತ್ರ ಹುಟ್ಟುತ್ತಿತ್ತೋ ಎಂದು ಊಹಿಸುವುದು ಇತಿಹಾಸದ ಕೆಲಸವಲ್ಲ. ಆದರೂ ಒಮ್ಮೊಮ್ಮೆ ಆ ಯೋಚನೆ ಬರುತ್ತದೆ.

ಕೈಗೂ ಬಾಯಿಗೂ ಬಿದ್ದ ಈ ಅಂತರ ನಮ್ಮ ನಾಡಿನದು ಮಾತ್ರವೆಂದು ತಿಳಿಯಬಾರದು. ಯುರೋಪಿನಲ್ಲಿ 2ನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ನನ ಗ್ರಂಥಗಳು ಸಾವಿರದ ಮುನ್ನೂರು ವರ್ಷ ವೇದವಾಕ್ಯಗಳಾಗಿದ್ದವು. ಗ್ಯಾಲನ್ ಕೊಯ್ದು ನೋಡಿದುದು ಮುಖ್ಯವಾಗಿ ಕೋತಿ ಹಂದಿಗಳನ್ನು. ಆದರೆ ಅವನ ಮಾತು ಮನುಷ್ಯನಿಗೆ ಅನ್ವಯವಾಯಿತು. ವಿದ್ಯಾಲಯಗಳಲ್ಲಿ ಶವಚ್ಛೇದ ನಡೆಯುವಾಗ ಆಚಾರ್ಯನು ಎತ್ತರದ ಪೀಠದಲ್ಲಿ ಕುಳಿತು ಗ್ಯಾಲನ್ನನನ್ನು ಲ್ಯಾಟಿನ್ನಿನಲ್ಲಿ ಓದುತ್ತಿದ್ದ. ಕೆಳಗೆ ಲ್ಯಾಟಿನ್ ಬಾರದ ಕ್ಷೌರಿಕನು ಕೊಯ್ಯುತ್ತಿದ್ದ. ಓದುವವನು ನೋಡುತ್ತಿರಲಿಲ್ಲ, ನೋಡುವವನಿಗೆ ಓದು ತಿಳಿಯುತ್ತಿರಲಿಲ್ಲ. ಬ್ರಸೆಲ್ಸಿನಲ್ಲಿ 1514ರಲ್ಲಿ ಹುಟ್ಟಿದ ಆಂಡ್ರಿಯಾಸ್ ವೆಸಾಲಿಯಸ್ ಈ ಪದ್ಧತಿಯನ್ನು ಮುರಿದ. ತರುಣನಾಗಿದ್ದಾಗ ಲೂವೆನ್ ಪಟ್ಟಣದ ಹೊರಗೆ ಗಲ್ಲಿಗೇರಿಸಿದವನೊಬ್ಬನ ಅಸ್ಥಿಪಂಜರವನ್ನು ಕದ್ದು ತಂದು ಜೋಡಿಸಿಕೊಂಡವನು ಅವನು. ಇಟಲಿಯ ಪಾಡುವಾದಲ್ಲಿ ಆಚಾರ್ಯನಾದ ಮೇಲೆ ಪೀಠದಿಂದ ಇಳಿದು ತಾನೇ ಕತ್ತಿ ಹಿಡಿದ. ಮನುಷ್ಯನ ಕೆಳದವಡೆ ಎರಡು ಎಲುಬೆಂದು ಗ್ಯಾಲನ್ ಹೇಳಿದ್ದ; ಒಂದೇ ಎಂದು ವೆಸಾಲಿಯಸ್ ತೋರಿಸಿದ. ಎದೆಯ ನಡುವಣ ಎಲುಬಿನಲ್ಲಿ ಏಳು ಭಾಗಗಳೆಂದಿತ್ತು, ಮೂರು ಕಂಡವು. 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಅವನ ಮಹಾಗ್ರಂಥದ ಮುಖಪುಟದ ಚಿತ್ರದಲ್ಲಿ ಆಚಾರ್ಯನು ಶವದ ಪಕ್ಕದಲ್ಲಿಯೇ ನಿಂತಿದ್ದಾನೆ, ಅವನ ಕೈ ಶವದ ಮೇಲಿದೆ. ಆಗ ಅವನಿಗೆ 28 ವರ್ಷ.

ಇನ್ನು ಮೂರನೆಯ ಮಾತು, ಅಂಗಾಂಶ. ಇದರ ಮೂಲ ಫ್ರಾನ್ಸಿನಲ್ಲಿದೆ. ಪ್ಯಾರಿಸ್ಸಿನ ದೊಡ್ಡ ಧರ್ಮಾಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಸೇವಿಯೇ ಬಿಶಾ ಎಂಬ ವೈದ್ಯ, ಹೃದಯ, ಹೊಟ್ಟೆ, ಮಿದುಳು ಎಂದು ಅಂಗಗಳನ್ನು ಬೇರೆಬೇರೆಯಾಗಿ ನೋಡುವುದು ಸಾಲದು, ಬೇರೆಬೇರೆ ಅಂಗಗಳಲ್ಲಿ ಒಂದೇ ಬಗೆಯ ಹಾಸುಗಳು ಮತ್ತೆ ಮತ್ತೆ ಬರುತ್ತವೆ, ರೋಗ ಹಿಡಿಯುವುದು ಆ ಹಾಸನ್ನೇ ಎಂದು ಕಂಡುಕೊಂಡ. ಅದಕ್ಕೆ ಅವನು ಬಳಸಿದ ಫ್ರೆಂಚ್ ಮಾತು 'ತಿಸ್ಯು'. ಅದರ ಅರ್ಥ ನೇಯ್ದದ್ದು, ಬಟ್ಟೆ. 1801ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅಂಥ 21 ನೇಯ್ಗೆಗಳನ್ನು ವಿವರಿಸಿದ. ಅವನು ಸೂಕ್ಷ್ಮದರ್ಶಕವನ್ನು ನಂಬುತ್ತಿರಲಿಲ್ಲ. ತುಂಡುಗಳನ್ನು ನೆನೆಯಿಟ್ಟು, ಕುದಿಸಿ, ಒಣಗಿಸಿ, ಕೊಳೆಯಿಸಿ, ಆಮ್ಲ ಕ್ಷಾರಗಳಲ್ಲಿ ಅದ್ದಿ, ಯಾವುದು ಬೇಗ ಕರಗುತ್ತದೆ, ಯಾವುದು ತಾಳುತ್ತದೆ ಎಂದು ಕೈಯಿಂದ ಪರೀಕ್ಷಿಸಿದ. ಸುಶ್ರುತನ ನೀರು, ಹದಗಾರನ ಸುಣ್ಣ ತಮಗೆ ಇಲ್ಲಿ ನೆನಪಾಗದೆ ಇರಲಾರದು. ಮರುವರ್ಷ, 1802ರಲ್ಲಿ, ಮೂವತ್ತೇ ವರ್ಷದವನಾಗಿದ್ದಾಗ ಅವನು ತೀರಿಕೊಂಡ. 1819ರಲ್ಲಿ ಜರ್ಮನಿಯ ಮೇಯರ್ ಎಂಬ ವಿದ್ವಾಂಸ ಈ ಶಾಸ್ತ್ರಕ್ಕೆ ಹಿಸ್ಟಾಲಜಿ ಎಂದು ಹೆಸರಿಟ್ಟ. ಅದೂ ಮಗ್ಗ, ನೇಯ್ಗೆ ಎಂಬರ್ಥದ ಗ್ರೀಕ್ ಮಾತಿನಿಂದಲೇ. ಬಿಶಾನ 21 ಈಗ ನಾಲ್ಕಕ್ಕೆ ಇಳಿದಿದೆ: ಮೇಲೆ ಹೊದ್ದುಕೊಳ್ಳುವ ಅನುಲೇಪಕ ಅಂಗಾಂಶ, ಒಂದನ್ನೊಂದು ಹಿಡಿದಿಡುವ ಸಂಯೋಜಕ ಅಂಗಾಂಶ, ಕುಗ್ಗಿ ಹಿಗ್ಗುವ ಸ್ನಾಯು ಅಂಗಾಂಶ, ಸುದ್ದಿ ಒಯ್ಯುವ ನರ ಅಂಗಾಂಶ. ಎಲುಬು, ಮೃದ್ವಸ್ಥಿ, ಕೊಬ್ಬು, ರಕ್ತ ಇವೆಲ್ಲ ಎರಡನೆಯ ಗುಂಪಿಗೆ ಸೇರುತ್ತವೆ ಎಂದರೆ ಹೊಸಬರಿಗೆ ಆಶ್ಚರ್ಯವಾಗುತ್ತದೆ.

ಭಾರತದ ಭಾಷೆಗಳಿಗೆ ಈ ಮಾತನ್ನು ತರುವಾಗ ಹಿಂದಿಯವರು ಊತಕ ಎಂದರು. ಊತವೆಂದರೆ ಸಂಸ್ಕೃತದಲ್ಲಿ ನೇಯ್ದದ್ದು, ಅರ್ಥ ಉಳಿಯಿತು. ಕನ್ನಡದ ಕೆಲವು ಬರಹಗಳಲ್ಲಿಯೂ ಊತಕ ಬಂದಿತ್ತಾದರೂ ಕೊನೆಗೆ ನಿಂತುದು ಅಂಗಾಂಶ, ಅಂದರೆ ಅಂಗದ ಅಂಶ. ಬಾವಿನ ಊತದೊಡನೆ ಗೊಂದಲವಾದೀತೆಂಬ ಭಯವಿತ್ತೋ ಏನೋ. ಅಂಗಾಂಶ ತಪ್ಪಲ್ಲ, ಆದರೆ ಅದರಲ್ಲಿ ಮಗ್ಗದ ಸದ್ದಿಲ್ಲ. ನೇಕಾರ ಜೇಡರ ದಾಸಿಮಯ್ಯನವರ ಭಾಷೆಯಲ್ಲಿ ನೇಯ್ಗೆಯೆಂಬ ಮಾತು ಸಿದ್ಧವಾಗಿಯೇ ಇತ್ತು. ಅದನ್ನು ಎತ್ತಿಕೊಂಡಿದ್ದರೆ ನಮ್ಮ ಪ್ರಸಾದನಿಲಯದ ಹುಡುಗನು ಉರುಹಚ್ಚದೆ ಅರ್ಥಮಾಡಿಕೊಳ್ಳುತ್ತಿದ್ದನೆಂದು ನನ್ನ ಅಭಿಪ್ರಾಯ. ವಿದ್ವಾಂಸರು ಒಪ್ಪದಿರಬಹುದು.

ಈ ಆಧುನಿಕ ಶರೀರಶಾಸ್ತ್ರವು ನಮ್ಮ ದೇಶದಲ್ಲಿ ಕಾಲಿಟ್ಟ ಬಗೆಯನ್ನೂ ಹೇಳಬೇಕು. ಕಲ್ಕತ್ತೆಯಲ್ಲಿ 1835ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಹಿಂದೂ ವಿದ್ಯಾರ್ಥಿಗಳು ಶವವನ್ನು ಮುಟ್ಟಲಾರರೆಂದು ಎಲ್ಲರೂ ಭಾವಿಸಿದ್ದರು. 1836ರಲ್ಲಿ ಪಂಡಿತ ಮಧುಸೂದನ ಗುಪ್ತರು ಅಲ್ಲಿ ಸ್ವಹಸ್ತದಿಂದ ಶವಚ್ಛೇದ ಮಾಡಿದರು. ಅವರು ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಬೋಧಿಸುತ್ತಿದ್ದವರು. ಆ ದಿನ ಕೋಟೆಯಿಂದ ತೋಪು ಹಾರಿಸಿದರೆಂಬ ಪ್ರತೀತಿಯೂ ಇದೆ. ತೋಪಿಗಿಂತ ಗಮನಾರ್ಹವಾದ ಸಂಗತಿ ಬೇರೊಂದಿದೆ. ಅದೇ ಎರಡು ವರ್ಷಗಳಲ್ಲಿ, 1835 ಮತ್ತು 1836ರಲ್ಲಿ, ಸುಶ್ರುತಸಂಹಿತೆಯನ್ನು ಸಂಪಾದಿಸಿ ಎರಡು ಸಂಪುಟಗಳಲ್ಲಿ ಅಚ್ಚುಹಾಕಿಸಿದವರೂ ಇದೇ ಗುಪ್ತರು. ಕಣ್ಣಾರೆ ನೋಡು ಎಂಬ ವಿಧಿಯ ಕರಡಚ್ಚನ್ನು ತಿದ್ದಿದ ಕೈಯೇ ಕತ್ತಿಯನ್ನೂ ಹಿಡಿಯಿತು. ಇಂಗ್ಲಿಷ್ ಶರೀರಶಾಸ್ತ್ರ ಗ್ರಂಥವೊಂದನ್ನು ಅವರು ಸಂಸ್ಕೃತಕ್ಕೂ ತಂದರು. ಮುಂದೆ 20ನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಕತ್ತೆಯ ಕವಿರಾಜ ಗಣನಾಥ ಸೇನರು 'ಪ್ರತ್ಯಕ್ಷ ಶಾರೀರಮ್' ಎಂಬ ಸಂಸ್ಕೃತ ಗ್ರಂಥ ಬರೆದು, ಹೊಸ ಶಾಸ್ತ್ರದ ಒಂದೊಂದು ಎಲುಬಿಗೂ ನರಕ್ಕೂ ಹೆಸರು ಕಟ್ಟಿದರು.

ಆದರೆ ಮುನ್ನೂರು ನಾನೂರು ಹರದಾರಿ ದೂರದ ಭಾಷೆಗಳಲ್ಲಿ ಒಂದೇ ಸಂಸ್ಕೃತ ಪದ ಬೇರೆಬೇರೆ ದಾರಿ ಹಿಡಿದಿತ್ತು. ಇದು ಆಟದ ವಿಷಯವಲ್ಲ. 'ಸ್ನಾಯು'ವನ್ನೇ ತೆಗೆದುಕೊಳ್ಳಿರಿ. ಸುಶ್ರುತನು ದೇಹದಲ್ಲಿ 900 ಸ್ನಾಯುಗಳನ್ನೂ 500 ಪೇಶಿಗಳನ್ನೂ ಹೇಳುತ್ತಾನೆ. ಅವನ ಪೇಶಿ ಮಾಂಸಖಂಡ. ಅವನ ಸ್ನಾಯು ಎಲುಬುಗಳ ಕೀಲುಗಳನ್ನು ಬಿಗಿಯುವ ಕಟ್ಟು. ಬಂಗಾಳಿಯಲ್ಲಿ ಸ್ನಾಯು ಎಂದರೆ ನರ. ಕನ್ನಡ ಮರಾಠಿಗಳಲ್ಲಿ ಸ್ನಾಯು ಎಂದರೆ ಮಾಂಸಖಂಡವೇ ಆಗಿಬಿಟ್ಟಿದೆ. ನರವೆಂಬ ನಮ್ಮ ಮಾತಂತೂ ಜನರ ಬಾಯಲ್ಲಿ ರಕ್ತನಾಳಕ್ಕೂ ಸಲ್ಲುತ್ತದೆ, ಬಿಗಿತಂತುವಿಗೂ ಸಲ್ಲುತ್ತದೆ, ಸಂವೇದನೆ ಒಯ್ಯುವ ತಂತುವಿಗೂ ಸಲ್ಲುತ್ತದೆ. ಮುದುಕನೊಬ್ಬ 'ನರ ಎಳೀತದ' ಎಂದರೆ ವೈದ್ಯನು ಮೂರರಲ್ಲಿ ಯಾವುದೆಂದು ಕೇಳಿ ತಿಳಿಯಬೇಕು. ಹಳೆಯ ಗ್ರಂಥದ ಸ್ನಾಯುರೋಗದ ಔಷಧವನ್ನು ಹೊಸ ಅರ್ಥದ ಸ್ನಾಯುವಿಗೆ ಕೊಟ್ಟವನು, ಪದವನ್ನು ಸರಿಯಾಗಿ ಓದಿಯೂ ರೋಗಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮನೆಯಲ್ಲಿ ಹಳೆಯ ವೈದ್ಯದ ತಾಳೆಗರಿ, ಕೈಬರಹಗಳಿರುವವರು ಈ ಒಂದು ಮಾತನ್ನು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಕೊನೆಯದಾಗಿ ನಮ್ಮ ಕಾಲದ ಒಂದು ಸಂಗತಿ. ನಮ್ಮಲ್ಲಿ ದೇಹವನ್ನು ಸುಡುವುದಿಲ್ಲ. ಇಷ್ಟಲಿಂಗಸಹಿತವಾಗಿ ಕುಳ್ಳಿರಿಸಿ ಸಮಾಧಿ ಮಾಡುತ್ತೇವೆ. ಇದರಿಂದಾಗಿ, ವೈದ್ಯವಿದ್ಯಾರ್ಥಿಗಳಿಗಾಗಿ ದೇಹದಾನ ಮಾಡಬಹುದೇ ಎಂದು ಮಠದ ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ಅವರಿಗೆ ಶಾಸ್ತ್ರಾರ್ಥ ಹೇಳುವ ಅಧಿಕಾರ ನನ್ನದಲ್ಲ, ಪೂಜ್ಯರನ್ನು ಕೇಳಬೇಕು. ನಡೆದುದನ್ನು ಮಾತ್ರ ಹೇಳುತ್ತೇನೆ. ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯವೊಂದರಲ್ಲಿ ಶರೀರರಚನಾಶಾಸ್ತ್ರ ಬೋಧಿಸುವ ಪ್ರಾಧ್ಯಾಪಕರೊಬ್ಬರ ತಂದೆ, ತಾವೂ ವೈದ್ಯರಾಗಿದ್ದವರು, ತಮ್ಮ ದೇಹವನ್ನು ಮಗನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಹೇಳಬೇಕೆಂದು ಬರೆದಿಟ್ಟು ತೀರಿಕೊಂಡರು. ಎರಡು ವರ್ಷ ದೇಹವನ್ನು ಕೆಡದಂತೆ ಕಾಪಾಡಿ, 2010ರ ನವೆಂಬರಿನಲ್ಲಿ ಮಗನು ಆ ಇಚ್ಛೆಯನ್ನು ನೆರವೇರಿಸಿದರು. ಶವಚ್ಛೇದದ ಕ್ರಮ ಎಲ್ಲಿಯೂ ಒಂದೇ: ಮೊದಲು ತೊಗಲು, ಅದರಡಿಯ ಕೊಬ್ಬಿನ ಹಾಸು, ಬಳಿಕ ಮಾಂಸಖಂಡ, ಎಲ್ಲಕ್ಕೂ ಕೊನೆಗೆ ಎಲುಬು. ಅಂದು ಆ ಮೇಜಿನ ಸುತ್ತ ನಿಂತು ಒಂದೊಂದರ ಹೆಸರನ್ನೂ ಕೇಳಿ ಕಲಿತ ವಿದ್ಯಾರ್ಥಿಗಳು ಇಂದು ವೈದ್ಯರಾಗಿದ್ದಾರೆ.